ಮ್ಯಾಟ್ ಡಿಲನ್ ದೂರ ನಿಂತದ್ದು ಮೋಸವೇ?

ಹಳೆಯ ಅಮೆರಿಕನ್ ವೆಸ್ಟರ್ನ್ (ಕೌಬಾಯ್ ಕಾಲದ ಕಥೆಗಳ) ಧಾರಾವಾಹಿಗಳ ಮೇಲೆ ನನಗಿರುವ ಪ್ರೀತಿ ಗೊತ್ತಿರುವವರು ಮನೆಗೆ ಬಂದಾಗ ‘ಒಂದನ್ನಾದರೂ ತೋರಿಸಿ’ ಎನ್ನುತ್ತಾರೆ. ಪ್ರತಿ ಸಲವೂ ನಾನು ಹಾಕುವುದು ಒಂದೇ ಕಂತು: 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ‘ಗನ್‌ಸ್ಮೋಕ್’ನ ಮೊದಲ ಕಂತು, ‘ಮ್ಯಾಟ್ ಗೆಟ್ಸ್ ಇಟ್’. ಕಪ್ಪು ಬಿಳುಪು, ಜಾಹೀರಾತೂ ಸೇರಿ ಅರ್ಧ ಗಂಟೆ. ನೋಡಿ ಮುಗಿಸಿದವರಲ್ಲಿ ಹೆಚ್ಚಿನವರು ಕೇಳುವುದೂ ಒಂದೇ ಪ್ರಶ್ನೆ: ‘ಅಲ್ಲ, ಕೊನೆಯಲ್ಲಿ ಆ ಮಾರ್ಷಲ್ ಮಾಡಿದ್ದು ಮೋಸವಲ್ಲವೇ?’

ಮೋಸವಲ್ಲ ಎನ್ನುವುದು ನನ್ನ ಉತ್ತರ. ಊಟದ ಎಲೆಯ ಮುಂದೆ ಕುಳಿತು ಅದನ್ನು ಅರ್ಧಂಬರ್ಧ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ನೋಡದವರಿಗಾಗಿ ಕಥೆ. ಕಾನ್ಸಾಸ್ ರಾಜ್ಯದ ಡಾಡ್ಜ್ ಸಿಟಿ, 1870ರ ದಶಕ. ಟೆಕ್ಸಾಸ್‌ನಿಂದ ದನಗಳ ಹಿಂಡು ಹೊಡೆದುಕೊಂಡು ಬಂದು ರೈಲಿಗೆ ತುಂಬುತ್ತಿದ್ದ ಊರು ಅದು. ಅಲ್ಲಿನ ಮಾರ್ಷಲ್, ಅಂದರೆ ಕಾನೂನು ಕಾಯುವ ಅಧಿಕಾರಿ, ಮ್ಯಾಟ್ ಡಿಲನ್. ಡ್ಯಾನ್ ಗ್ರ್ಯಾಟ್ ಎಂಬ ಕೊಲೆಗಾರ ಊರಿಗೆ ಬಂದಿದ್ದಾನೆ; ಆಯುಧವಿಲ್ಲದ ಒಬ್ಬನನ್ನು ಕೊಂದು ಬಂದವನು. ಅವನನ್ನು ಹಿಡಿಯಲು ಟೆಕ್ಸಾಸ್‌ನ ಅಮರಿಲೊದಿಂದ ಬಂದ ಷೆರೀಫನನ್ನೂ (ಅಲ್ಲಿನ ಪೊಲೀಸ್ ಅಧಿಕಾರಿಯನ್ನೂ) ಅವನು ಕೊಲ್ಲುತ್ತಾನೆ. ಮ್ಯಾಟ್ ಎದುರಾಗುತ್ತಾನೆ. ಒರೆಯಿಂದ ಪಿಸ್ತೂಲು ಸೆಳೆಯುವ ವೇಗದಲ್ಲಿ ಗ್ರ್ಯಾಟ್ ಮುಂದು. ನಾಯಕ ಗುಂಡು ತಿಂದು ಬೀಳುತ್ತಾನೆ. ಹಾಸಿಗೆ ಹಿಡಿದು, ಡಾಕ್ಟರರ ಆರೈಕೆಯಲ್ಲಿ ಚೇತರಿಸಿಕೊಳ್ಳುವಾಗ ಅವನಿಗೆ ಒಂದು ಸಂಗತಿ ಹೊಳೆಯುತ್ತದೆ: ಗ್ರ್ಯಾಟ್ ಗುಂಡು ಹಾರಿಸುವುದು ತೀರಾ ಹತ್ತಿರದಿಂದ ಮಾತ್ರ. ಅವನಿಗೆ ವೇಗವಿದೆ, ಗುರಿಯಿಲ್ಲ. ಎರಡನೆಯ ಸಲ ಎದುರಾದಾಗ ಮ್ಯಾಟ್ ದೂರದಲ್ಲೇ ನಿಂತುಬಿಡುತ್ತಾನೆ. ಗ್ರ್ಯಾಟ್‌ನ ವೇಗ ಆ ದೂರಕ್ಕೆ ಸಾಲುವುದಿಲ್ಲ. ಮ್ಯಾಟ್‌ನ ಗುಂಡು ತಪ್ಪುವುದಿಲ್ಲ.

ಮೋಸವೆನ್ನುವವರ ವಾದ ಹೀಗೆ: ‘ದ್ವಂದ್ವಯುದ್ಧವೆಂದರೆ ಸಮಬಲದ ಹೋರಾಟ. ಎದುರಾಳಿಯ ದೌರ್ಬಲ್ಯ ತಿಳಿದುಕೊಂಡು, ಅವನಿಗೆ ಹೇಳದೆ, ಅದನ್ನೇ ಹಿಡಿದು ಹೊಡೆದರೆ ಧೀರತನವೆಲ್ಲಿ ಉಳಿಯಿತು?’ ಇದನ್ನು ಕೇಳುವವರ ಮನಸ್ಸಿನಲ್ಲಿ ತೊಡೆ ಮುರಿಸಿಕೊಂಡು ಬಿದ್ದ ದುರ್ಯೋಧನ ಇರುತ್ತಾನೆ. ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮವಿತ್ತು, ಭೀಮ ಅದನ್ನು ಮುರಿದ. ದುರ್ಯೋಧನನಿಗಾಗಿ ನಾವು ಇಂದಿಗೂ ಮರುಗುತ್ತೇವೆ. ಆ ಮರುಕ ನನಗೂ ಇದೆ. ಆದರೆ ಡಾಡ್ಜ್ ಸಿಟಿಯ ಬೀದಿಯಲ್ಲಿ ಹತ್ತಿರ ನಿಂತೇ ಹೊಡೆದಾಡಬೇಕೆಂಬ ನಿಯಮ ಎಲ್ಲಿತ್ತು? ಅದನ್ನು ಮಾಡಿಕೊಂಡವನು ಗ್ರ್ಯಾಟ್. ಎದುರಾಳಿಯ ಮೈಮೇಲೇ ಹೋಗಿ ನಿಲ್ಲುವುದು ನೋಡುವವರ ಕಣ್ಣಿಗೆ ಎದೆಗಾರಿಕೆ. ನಿಜದಲ್ಲಿ ಅದು ಅವನ ಕೊರತೆಗೆ ಹೊದಿಸಿದ ಮುಸುಕು. ತನಗೆ ಬೇಕಾದಷ್ಟೇ ಅಂತರವನ್ನು ಅಳೆದುಕೊಂಡು, ಅದನ್ನೇ ಆಟದ ಕಟ್ಟಳೆಯೆಂದು ಊರನ್ನೆಲ್ಲ ನಂಬಿಸಿದವನು ಅವನು. ಮ್ಯಾಟ್ ಆ ಕಟ್ಟಳೆಗೆ ಒಪ್ಪಲಿಲ್ಲ, ಅಷ್ಟೇ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಕಂತಿನ ಕಥೆ ಎಷ್ಟು ಗಟ್ಟಿ ನೆಲದ ಮೇಲೆ ನಿಂತಿದೆ ಎಂಬುದು ಕಾಣುತ್ತದೆ. ಸೊಂಟದ ಮಟ್ಟದಿಂದ, ಗುರಿ ನೋಡದೆ, ಸೆಳೆದ ವೇಗದಲ್ಲೇ ಗುಂಡು ಹಾರಿಸಿದಾಗ ನಳಿಗೆ ಒಂದೇ ಒಂದು ಡಿಗ್ರಿ ವಾಲಿದೆ ಎನ್ನೋಣ. 3 ಮೀಟರ್ ದೂರದಲ್ಲಿ ಗುಂಡು ಬರೀ 5 ಸೆಂಟಿಮೀಟರ್ ಆಚೀಚೆ ಹೋಗುತ್ತದೆ. ಎದೆಗೆ ಇಟ್ಟದ್ದು ಎದೆಗೇ ತಗಲುತ್ತದೆ. 10 ಮೀಟರಿಗೆ ಆ ತಪ್ಪು ಸುಮಾರು 17 ಸೆಂಟಿಮೀಟರ್. 25 ಮೀಟರಿಗೆ 44. ಅಂದರೆ ಗುಂಡು ಆಳನ್ನು ಬಿಟ್ಟು ಬಯಲಿಗೆ. ಕೈ ಅದೇ, ಪಿಸ್ತೂಲು ಅದೇ, ವೇಗವೂ ಅದೇ. ನಡುವಿನ ನೆಲ ಮಾತ್ರ ಬದಲಾಗಿದೆ. ಇನ್ನೊಬ್ಬನಿಗಿಂತ ವೇಗವಾಗಬೇಕೆಂದು ಮ್ಯಾಟ್ ಹಗಲಿರುಳು ಪಿಸ್ತೂಲು ಸೆಳೆಯುವ ಅಭ್ಯಾಸ ಮಾಡಿ ಗೆದ್ದಿದ್ದರೆ ನನಗೆ ಈ ಕಂತು ನೆನಪಿನಲ್ಲೇ ಉಳಿಯುತ್ತಿರಲಿಲ್ಲ. ಅವನು ಮಲಗಿದ್ದಲ್ಲೇ ತನ್ನ ಸೋಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ನೋವು ಕೊಟ್ಟ ಆ ಒಂದು ಕ್ಷಣವನ್ನು ಮರೆಯಲು ಯತ್ನಿಸದೆ ಅದನ್ನೇ ಓದುತ್ತಾನೆ.

ಅದೇ ಡಾಡ್ಜ್ ಸಿಟಿಯಲ್ಲಿ ನಿಜವಾಗಿ ನಡೆದ ಒಂದು ಕಾಳಗವನ್ನೂ ಹೇಳಲೇಬೇಕು. 1879ರ ಏಪ್ರಿಲ್ 5ರ ರಾತ್ರಿ ಲಾಂಗ್ ಬ್ರಾಂಚ್ ಸಲೂನ್ ಎಂಬ ಮದ್ಯದಂಗಡಿಯಲ್ಲಿ—ಧಾರಾವಾಹಿಯ ನಾಯಕಿ ಕಿಟ್ಟಿಯದೆಂದು ನಾವು ಬಲ್ಲ ಸಲೂನಿನ ಹೆಸರೂ ಇದೇ—ಲೆವಿ ರಿಚರ್ಡ್‌ಸನ್ ಮತ್ತು ಫ್ರಾಂಕ್ ಲವಿಂಗ್ ಎಂಬಿಬ್ಬರು ಜಗಳವಾಡಿದರು. ಪಿಸ್ತೂಲುಗಳು ಒಂದಕ್ಕೊಂದು ತಾಗುವಷ್ಟು ಸಮೀಪದಲ್ಲಿ ನಿಂತಿದ್ದರು. ರಿಚರ್ಡ್‌ಸನ್ ಸರಸರನೆ ಗುಂಡು ಹಾರಿಸಿದ; ಲವಿಂಗ್‌ನ ಕೈಗೆ ಒಂದು ತರಚು ಗಾಯವಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಸತ್ತವನು ರಿಚರ್ಡ್‌ಸನ್. ಮೇಜಿನ ಅಂತರದಲ್ಲೂ ಅವಸರದ ಕೈ ಗುರಿ ತಪ್ಪುತ್ತದೆ ಎಂಬುದಕ್ಕೆ ಈ ಊರಿನ ಚರಿತ್ರೆಯೇ ಸಾಕ್ಷಿ ಹೇಳುತ್ತದೆ.

ಬೇರೆ ಆಕ್ಷೇಪಗಳೂ ಬರುತ್ತವೆ. ಕೆಲವನ್ನು ನಾನು ಒಪ್ಪುತ್ತೇನೆ. ಅಮರಿಲೊ ಊರು ಹುಟ್ಟಿದ್ದೇ 1887ರಲ್ಲಿ. 1870ರ ದಶಕದಲ್ಲಿ ಅಲ್ಲಿಂದ ಷೆರೀಫ್ ಬರುವುದು ಹೇಗೆ ಎಂದು ಇತಿಹಾಸ ಓದಿಕೊಂಡ ಗೆಳೆಯರೊಬ್ಬರು ಕೇಳಿದರು. ಸರಿಯಾದ ಆಕ್ಷೇಪ. ಅಮಾಂಡಾ ಬ್ಲೇಕ್‌ರಂಥ ನಟಿಯನ್ನು ಕಿಟ್ಟಿಯ ಪಾತ್ರಕ್ಕೆ ತಂದು ಮೊದಲ ಕಂತಿನಲ್ಲಿ ಅವರಿಗೆ ಮಾಡಲು ಹೆಚ್ಚೇನನ್ನೂ ಕೊಟ್ಟಿಲ್ಲ ಎಂದು ನನ್ನ ತಂಗಿ ಸಿಟ್ಟಾಗುತ್ತಾಳೆ. ಅದೂ ಸರಿ. ಸಾಯುವಷ್ಟು ಪೆಟ್ಟು ತಿಂದವನು ಇಷ್ಟು ಬೇಗ ಎದ್ದು ನಡೆಯುವುದು ನನಗೂ ಪ್ರತಿ ಸಲ ಚುಚ್ಚುತ್ತದೆ.

‘ನಿಧಾನ’ ಎನ್ನುವ ದೂರನ್ನು ಮಾತ್ರ ಒಪ್ಪಲಾರೆ. ಕಂತು ಶುರುವಾಗುವುದು ಬೂಟ್ ಹಿಲ್ ಸ್ಮಶಾನದಲ್ಲಿ, ಗೋರಿಗಳ ನಡುವೆ ಮ್ಯಾಟ್ ಒಬ್ಬನೇ ಓಡಾಡುತ್ತ ತನ್ನಷ್ಟಕ್ಕೆ ಯೋಚಿಸುವುದರಿಂದ. ಆಗಿನ ಟಿವಿಯಲ್ಲಿ ವೆಸ್ಟರ್ನ್ ಎಂದರೆ ಬಹುಪಾಲು ಮಕ್ಕಳಿಗಾಗಿ. 1949ರಿಂದ ಬರುತ್ತಿದ್ದ ‘ದ ಲೋನ್ ರೇಂಜರ್’ನ ಮುಸುಕಿನ ವೀರ ಸೋಲುವವನಲ್ಲ. ದೊಡ್ಡವರಿಗಾಗಿ ಮಾಡಿದ ‘ಗನ್‌ಸ್ಮೋಕ್’ ತನ್ನ ಮೊದಲ ರಾತ್ರಿಯೇ ನಾಯಕನನ್ನು ಮಣ್ಣಿಗೆ ಕೆಡವಿತು. 1952ರಿಂದ ರೇಡಿಯೋದಲ್ಲಿ ಇದೇ ಧಾರಾವಾಹಿ ಕೇಳುತ್ತಿದ್ದವರಿಗೆ ಮ್ಯಾಟ್ ಎಂದರೆ ವಿಲಿಯಂ ಕಾನ್ರಾಡ್‌ರ ಆಳವಾದ ದನಿ. ಆ ದನಿಯ ಜಾಗಕ್ಕೆ ಬಂದ ಹೊಸ ಮುಖವನ್ನು ಅವರು ಒಪ್ಪಬೇಕಿತ್ತು. ಅದಕ್ಕೇ ವೆಸ್ಟರ್ನ್ ಸಿನಿಮಾಗಳ ಹೆಸರಾಂತ ನಾಯಕ ಜಾನ್ ವೇನ್ ಮೊದಲು ಪರದೆಗೆ ಬಂದು, ಇದರಲ್ಲಿ ತಾವಿಲ್ಲವೆಂದು ಹೇಳಿ, ಮ್ಯಾಟ್ ಪಾತ್ರದ ಜೇಮ್ಸ್ ಆರ್ನೆಸ್‌ರನ್ನು ಪರಿಚಯಿಸಿ ಹೋಗುತ್ತಾರೆ. ಅಷ್ಟು ದೊಡ್ಡ ನಟ ಬೆನ್ನು ತಟ್ಟಿದವನು ಇನ್ನು ಸ್ವಲ್ಪ ಹೊತ್ತಿನಲ್ಲೇ ಗುಂಡು ತಿಂದು ಬೀಳುತ್ತಾನೆ! ಆ ಧೈರ್ಯವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಆರ್ನೆಸ್ ಆರಡಿ ಏಳಂಗುಲದ ಆಳು, ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೊದಲ್ಲಿ ಕಾಲಿಗೆ ನಿಜವಾದ ಗುಂಡು ತಿಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವರು. ಆ ಎತ್ತರದ ಮನುಷ್ಯ ಹಾಸಿಗೆಯಲ್ಲಿ ನಿಸ್ಸಹಾಯಕನಾಗಿ ಮಲಗಿರುವ ದೃಶ್ಯಗಳಲ್ಲಿ ನಾನು ಅದನ್ನು ಮರೆಯಲಾರೆ. ಮುಂದೆ 20 ವರ್ಷ, 635 ಕಂತುಗಳವರೆಗೆ ಅವರು ಆ ಪಾತ್ರವನ್ನು ಹೊತ್ತರು.

ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತರಾದ ನಮ್ಮ ದೊಡ್ಡಪ್ಪ ಮಾತ್ರ ಮೋಸದ ಮಾತು ಎತ್ತಲಿಲ್ಲ. ಕಂತು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದಿರಲಿ, ಮೊದಲನೆಯ ಸಲ ಅವನು ಅಷ್ಟು ಹತ್ತಿರಕ್ಕೆ ಯಾಕೆ ಹೋದ?’ ಎಂದು ಕೇಳಿದರು.

ಗೊತ್ತಿರಲಿಲ್ಲವಲ್ಲ ದೊಡ್ಡಪ್ಪ, ಅದಕ್ಕೆ, ಎಂದೆ.

‘ಅದಲ್ಲ. ಒಬ್ಬನನ್ನು ಹಿಡಿಯಬೇಕಾದರೆ ಹತ್ತಿರ ಹೋಗಲೇಬೇಕು. ಕೈಗೆ ಬೇಡಿ ಹಾಕಬೇಕು, ಆಯುಧ ಕಿತ್ತುಕೊಳ್ಳಬೇಕು, ಜೊತೆಗೆ ನಡೆಸಿಕೊಂಡು ಬರಬೇಕು. ದೂರದಿಂದ ಇದು ಯಾವುದೂ ಆಗುವುದಿಲ್ಲ.’

ಅಲ್ಲಿಯವರೆಗೆ ನಾನು ಎಷ್ಟು ಸಲ ನೋಡಿದ್ದರೂ ಇದು ಕಂಡಿರಲಿಲ್ಲ. ಮೊದಲ ಸಲ ಮ್ಯಾಟ್ ಹೋದದ್ದು ಗ್ರ್ಯಾಟ್‌ನನ್ನು ಬಂಧಿಸಲು; ಅವನು ಗುಂಡು ತಿಂದದ್ದು ಬಂಧಿಸುವವನು ನಿಲ್ಲಬೇಕಾದ ಜಾಗದಲ್ಲಿ. ಎರಡನೆಯ ಸಲ ದೂರದಲ್ಲಿ ನಿಂತಾಗ, ಗ್ರ್ಯಾಟ್‌ನನ್ನು ಜೀವಂತ ಕರೆದೊಯ್ಯುವ ಆಸೆಯನ್ನು ಅವನು ಬಿಟ್ಟಿದ್ದ. ಮೋಸವಾಯಿತೆಂದು ಗೆಳೆಯರಿಗೆ ಅನ್ನಿಸುವುದು ಈ ಜಾಗದಲ್ಲೇ ಇರಬೇಕು. ಅವರಿಗೆ ತಟ್ಟುತ್ತಿರುವ ಬೇಸರ ನಿಜವಾದದ್ದೇ, ಅದಕ್ಕೆ ಇಟ್ಟ ಹೆಸರಷ್ಟೇ ತಪ್ಪು. ಆ ದೂರದಲ್ಲಿ ನಿಂತ ಮ್ಯಾಟ್‌ಗೆ ಬೇಡಿಯಿಂದ ಉಪಯೋಗವಿರಲಿಲ್ಲ.