ಸೋರುವ ಬೈಕ್ ಹತ್ತಿ ಹಾಸನದಿಂದ ಜೆ.ಸಿ. ರೋಡಿಗೆ

ಬೈಕ್‌ನಲ್ಲಿ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಸೋರುತ್ತಿದೆ ಅಂದ ಕೂಡಲೇ 'ರೇಡಿಯೇಟರ್ ಹೋಗಿದೆ, ಹೊಸದೇ ಹಾಕಬೇಕು' ಅನ್ನುವವರು ಸಿಕ್ಕರೆ ಒಂದೇ ಮಾತು ಕೇಳಿ. ಎಲ್ಲಿಂದ ಸೋರುತ್ತಿದೆ, ಬೆರಳಿಟ್ಟು ತೋರಿಸಿ. ನಮ್ಮೂರಿನ ಸರ್ವಿಸ್ ಸೆಂಟರ್‌ನಲ್ಲಿ ಅದನ್ನು ತೋರಿಸಲು ಯಾರಿಂದಲೂ ಆಗಲಿಲ್ಲ. ಎಸ್ಟಿಮೇಟ್ ಮಾತ್ರ ಚೆನ್ನಾಗಿ ಪ್ರಿಂಟ್ ಆಗಿ ಬಂತು. 12 ಸಾವಿರ ಚಿಲ್ಲರೆ. ಪಾರ್ಟ್ ಬರಲು ಮೂರು ವಾರ. ಅಲ್ಲಿಯವರೆಗೆ ಬೈಕ್ ಇಲ್ಲೇ ಬಿಟ್ಟು ಹೋಗಿ ಅಂದರು. ನಾನು ಬಿಡಲಿಲ್ಲ, ಬೆಂಗಳೂರಿಗೆ, ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೊರಟೆ.

ಹಾಸನದ ಕಡೆಯಿಂದ, ತುಮಕೂರು ಕಡೆಯಿಂದ ಇದೇ ಕೆಲಸಕ್ಕೆ ಬರುವವರಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಓಡಿಸಿಕೊಂಡು ಬರಬಹುದಾ ಅನ್ನುವುದು. ಹನಿ ಹನಿಯಾಗಿ ಬೀಳುತ್ತಿದ್ದರೆ ಬರಬಹುದು. ಧಾರೆಯಾಗಿ ಸುರಿಯುತ್ತಿದ್ದರೆ ಬೇಡವೇ ಬೇಡ, ಗೂಡ್ಸ್ ಗಾಡಿಗೆ ಹಾಕಿ ಕಳಿಸಿ. ಹೊರಡುವ ಮುಂಚೆ ಇಂಜಿನ್ ಆಯಿಲ್ ನೋಡಿ. ಕೆಳಗಿನ ಗಾಜಿನ ಕಿಂಡಿಯಲ್ಲಿ ಆಯಿಲ್ ಹಾಲು ಹಾಕಿದ ಟೀ ಥರ ಕಂಡರೆ ಕೂಲೆಂಟ್ ಒಳಗೆ ಆಯಿಲ್‌ಗೆ ಸೇರುತ್ತಿದೆ ಅಂತ ಅರ್ಥ. ಆಮೇಲೆ ಒಂದು ಕಿಲೋಮೀಟರ್ ಕೂಡ ಓಡಿಸಬಾರದು. ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದು, ಸಿಹಿ ವಾಸನೆ ಹೊಡೆದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಕೆಳಗಿನ ಪ್ಯಾಕಿಂಗ್) ಮೇಲೆ ಅನುಮಾನ ಪಡಬೇಕು. ನನ್ನದರಲ್ಲಿ ಎರಡೂ ಇರಲಿಲ್ಲ. ರೆಡಿ ಮಿಕ್ಸ್ ಕೂಲೆಂಟ್ ಒಂದು ಲೀಟರ್, ಒಂದು ಟಾರ್ಚು, ಹಳೇ ಬಟ್ಟೆ ಬ್ಯಾಗಿಗೆ ಹಾಕಿಕೊಂಡೆ.

ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್, ನೆಲಮಂಗಲ. ಈ ದಾರಿಯ ಬಗ್ಗೆ ಹೇಳುವುದು ಏನೂ ಇಲ್ಲ. ಹೈವೇಯಲ್ಲಿ ಓಡುತ್ತಿರುವಾಗ ಗಾಳಿ ರೇಡಿಯೇಟರ್‌ಗೆ ಬಡಿಯುತ್ತದೆ, ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಯಡಿಯೂರಿನ ಹತ್ತಿರ ಟೀಗೆ ನಿಲ್ಲಿಸಿದಾಗ ಲಾರಿ ಡ್ರೈವರ್ ಒಬ್ಬರು ಬಗ್ಗಿ ನೋಡಿ, 'ಒಂದು ಚಮಚ ಅರಿಶಿನ ಪುಡಿ ರೇಡಿಯೇಟರ್‌ಗೆ ಹಾಕ್ರೀ, ನಿಂತ್ಹೋಗತ್ತೆ' ಅಂದರು. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಲಾರಿಗಳಲ್ಲಿ ಹಾಗೆ ಮಾಡುವವರು ಈಗಲೂ ಇದ್ದಾರೆ. ಬೈಕಿನ ರೇಡಿಯೇಟರ್‌ನಲ್ಲಿ ನಾಳಗಳು ತೀರಾ ಸಣ್ಣ. ಸೋರಿಕೆ ನಿಲ್ಲುತ್ತದೋ ಇಲ್ಲವೋ, ನಾಳ ಮುಚ್ಚಿಕೊಳ್ಳುವ ಭಯ ಅಂತೂ ಇದ್ದೇ ಇದೆ. ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಪುಡಿಗೂ ಇದೇ ಮಾತು.

ತೊಂದರೆ ಶುರುವಾಗುವುದು ಬೆಂಗಳೂರು ಬಂದ ಮೇಲೆ. ಗೊರಗುಂಟೆಪಾಳ್ಯದ ಸಿಗ್ನಲ್ ಗೊತ್ತಲ್ಲ. ಸಂಜೆ ಹೊತ್ತು ಅಲ್ಲಿಗೆ ಬಂದರೆ ಬೈಕ್ ಓಡುವುದಿಲ್ಲ, ಸುಮ್ನೆ ನಿಂತು ಕಾಯುತ್ತದೆ. ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ. ಸಿಸ್ಟಮ್ ಸೋರುತ್ತಿದ್ದರೆ ಒಳಗೆ ಪ್ರೆಶರ್ ನಿಲ್ಲುವುದಿಲ್ಲ. ಈ ಪ್ರೆಶರ್ ಯಾಕೆ ಬೇಕು ಅಂದರೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಬರೀ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟ್ ಬೆರೆಸಿ, ಮುಚ್ಚಳ ಬಿಗಿಯಾಗಿ ಪ್ರೆಶರ್ ಹಿಡಿದರೆ ಮಾತ್ರ ಅದು 100 ದಾಟಿ ಎಷ್ಟೋ ಮೇಲಿನವರೆಗೂ ಕುದಿಯದೆ ಇರುತ್ತದೆ. ಪ್ರೆಶರ್ ಹೋದರೆ ಬೇಗ ಕುದಿಯುತ್ತದೆ. ಕುದಿದದ್ದು ಓವರ್‌ಫ್ಲೋ ಡಬ್ಬಿಯಿಂದ ಉಕ್ಕಿ ಹೊರಗೆ ಬರುತ್ತದೆ. ನೋಡಿದವರಿಗೆ ಇನ್ನೊಂದು ಕಡೆಯೂ ಸೋರುತ್ತಿದೆ ಅಂತ ಅನಿಸುತ್ತದೆ.

ಮುಳ್ಳು ಮೇಲೆ ಹೋಗತೊಡಗಿದಾಗ ನಾನು ಇಂಜಿನ್ ಆಫ್ ಮಾಡಿ ಫುಟ್‌ಪಾತ್ ಪಕ್ಕಕ್ಕೆ ತಳ್ಳಿಕೊಂಡು ಬಂದೆ. ಹಿಂದಿದ್ದ ಆಟೋದವರು ಹಾರನ್ ಹೊಡೆದರು, ಹೊಡೆಯಲಿ ಬಿಡಿ. ಅಲ್ಲಿ ಒಬ್ಬ ಹುಡುಗ ಸಹಾಯ ಮಾಡಲು ಬಂದವನು ನೇರವಾಗಿ ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಿದ. ಬಿಸಿ ಇರುವಾಗ ಆ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ರೇಡಿಯೇಟರ್ ಮೇಲೆ ಬರಿಗೈ ಇಟ್ಟು ಹಾಗೇ ಹಿಡಿದುಕೊಳ್ಳುವಷ್ಟು ತಣ್ಣಗಾಗುವವರೆಗೆ ಕಾಯಬೇಕು. ನೆರಳಿದ್ದರೆ ಅರ್ಧ ಗಂಟೆ, ಇಲ್ಲದಿದ್ದರೆ ಇನ್ನೂ ಜಾಸ್ತಿ.

ರಾತ್ರಿ ಗಾಂಧಿನಗರದ ಒಂದು ಲಾಡ್ಜ್. ಹೆಸರು ಹೇಳುವುದಿಲ್ಲ. ಮೊಬೈಲ್‌ನಲ್ಲಿ ತೋರಿಸಿದ ರೂಮೇ ಬೇರೆ, ಬೀಗದ ಕೈ ಕೊಟ್ಟ ರೂಮೇ ಬೇರೆ. ಕಿಟಕಿ ಇದೆ, ತೆಗೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತದೆ. 1,800 ರೂಪಾಯಿ ಕಟ್ಟಿ ಮುಗಿಸಿದ ಮೇಲೆ 'ಪಾರ್ಕಿಂಗ್ 150 ಬೇರೆ ಸಾರ್' ಅಂದರು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಅಂತ ಗೋಡೆಯ ಮೇಲೆ ಬರೆದಿತ್ತು. ಏಳಕ್ಕೆ ನಲ್ಲಿ ತಿರುಗಿಸಿದರೆ ತಣ್ಣೀರು. ಕೆಳಗೆ ಹೋಗಿ ಕೇಳಿದರೆ, 'ಈಗ ಬರತ್ತೆ ಸಾರ್, ಮೇಲಿನ ಫ್ಲೋರ್‌ನವರು ಮುಗಿಸಲಿ' ಅಂತ ಉತ್ತರ. ನನಗೆ ಜನಜಂಗುಳಿ ಸಹಿಸಿಕೊಳ್ಳುವುದು ಕಷ್ಟ ಅಲ್ಲ, ಸದ್ದಿನಲ್ಲೂ ನಿದ್ದೆ ಬರುತ್ತದೆ. ಆದರೆ ಈ ಥರ ಒಂದೊಂದಾಗಿ ಕಿತ್ತುಕೊಳ್ಳುವುದು ಕಂಡರೆ ಆಗುವುದಿಲ್ಲ. ಬೈಕ್ ಜೊತೆಗೆ ಬಂದರೆ ರೂಮ್ ಕೇಳುವ ಮುಂಚೆ ಪಾರ್ಕಿಂಗ್ ಕೇಳಿ, ದುಡ್ಡು ಕೊಡುವ ಮುಂಚೆ ರೂಮ್ ನೋಡಿ.

ಪಾರ್ಕಿಂಗ್ ಇದ್ದ ಲಾಡ್ಜಿನ ಬೇಸ್‌ಮೆಂಟಿನಿಂದ ಒಂದು ಲಾಭ ಮಾತ್ರ ಆಯಿತು. ಬೈಕ್ ನಿಲ್ಲಿಸಿ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿದ್ದೆ. ಓಡುವಾಗ ಗಾಳಿಗೆ ಕೂಲೆಂಟ್ ಹಿಂದಕ್ಕೆ ಹಾರಿ ಇಂಜಿನ್‌ಗೆಲ್ಲ ಮೆತ್ತಿಕೊಳ್ಳುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ನಿಂತ ಬೈಕಿನಿಂದ ಹೆಚ್ಚುಕಡಿಮೆ ನೇರ ಕೆಳಗೇ ಬೀಳುತ್ತದೆ. ಬೆಳಿಗ್ಗೆ ನೋಡಿದರೆ ಮುಂದಿನ ಚಕ್ರದ ಹಿಂದೆ, ರೇಡಿಯೇಟರ್ ಕೆಳಗೆ, ಪೇಪರ್ ಪೂರ್ತಿ ಒಣಗಿತ್ತು. ಹಸಿರು ಕಲೆ ಇದ್ದದ್ದು ಬಲಗಡೆ, ಇಂಜಿನ್ ಮಧ್ಯಕ್ಕೆ, ಕೂಲೆಂಟ್ ತಿರುಗಿಸುವ ವಾಟರ್ ಪಂಪ್ ಇರುವ ಕಡೆ. ಸುತ್ತ ಅಂಟಂಟು ಅಂಚು. 12 ಸಾವಿರದ ಹೊಸ ರೇಡಿಯೇಟರ್ ನಿಜಕ್ಕೂ ಬೇಕಾ ಅಂತ ನನಗೆ ಅನುಮಾನ ಬಂದದ್ದು ಆಗಲೇ.

ವಾಚ್‌ಮನ್‌ನ ನಾಯಿ ಆ ಪೇಪರ್ ಮೂಸುತ್ತಾ ನಿಂತಿತ್ತು. ಓಡಿಸಿದೆ. ಸಾಮಾನ್ಯ ಕೂಲೆಂಟ್‌ನಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್, ರುಚಿ ಸಿಹಿ. ಸ್ವಲ್ಪ ನೆಕ್ಕಿದರೂ ನಾಯಿ ಬೆಕ್ಕುಗಳು ಕಿಡ್ನಿ ಹೋಗಿ ಸಾಯಬಹುದು. ನೆಲಕ್ಕೆ ಬಿದ್ದರೆ ಒರೆಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಿ ಕ್ಯಾನ್ ಮೇಲಿಡಿ.

ಜೆ.ಸಿ. ರೋಡ್ ಅಂದರೆ ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ. ಭಾನುವಾರ ಬರಬೇಡಿ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಬೆಳಿಗ್ಗೆ ಹತ್ತೂವರೆಗೆ ಮುಂಚೆ ಬಂದೂ ಪ್ರಯೋಜನ ಇಲ್ಲ. ಬೈಕ್ ಇಲ್ಲದೆ ಬರುವವರು ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋ ಹತ್ತಿ, ಚಿಕ್ಕಪೇಟೆ ಬಿಟ್ಟು ಅದರ ಮುಂದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದುಕೊಂಡು ಬನ್ನಿ. ಆಟೋದವರು ಕೇಳುವ ರೇಟಿಗೆ ಸುಮ್ನೆ ಜಗಳ ಯಾಕೆ. ಮುಖ್ಯರಸ್ತೆಯ ಅಂಗಡಿಗಳಲ್ಲಿ ಕಾರಿನದ್ದೇ ಜಾಸ್ತಿ. ಬೈಕ್ ಅಂದರೆ ಕಲಾಸಿಪಾಳ್ಯದ ಕಡೆಗಿನ ಗಲ್ಲಿ ತೋರಿಸುತ್ತಾರೆ. ಅಲ್ಲಿ ಲಾರಿ ಟೈರು, ತಳ್ಳುಗಾಡಿ, ಗ್ರೀಸು, ಬೈಗುಳ ಎಲ್ಲಾ ಒಟ್ಟಿಗೆ. ನನಗೆ ಇಷ್ಟವಾಯಿತು. ಜನ ಮೈಗೆ ತಾಗಿದರೆ ಕಿರಿಕಿರಿಯಾಗುವವರು ಬೇರೆಯವರನ್ನು ಕಳಿಸುವುದು ಒಳ್ಳೆಯದು.

ಸಿಕ್ಕ ಮೇಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ನಾನು ಎಸ್ಟಿಮೇಟ್ ತೋರಿಸಿದರೆ ಓದಲೂ ಇಲ್ಲ. 'ಅದನ್ನ ಜೇಬಲ್ಲಿ ಇಟ್ಕೊಳ್ಳಣ್ಣ, ಗಾಡಿ ನೋಡೋಣ' ಅಂದರು. ನ್ಯೂಸ್‌ಪೇಪರ್ ತೋರಿಸಿದೆ. ಅದನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿದರು.

ಅವರು ಮಾಡಿದ್ದು ಇಷ್ಟೇ. ಇಂಜಿನ್ ತೊಳೆದು, ಗಾಳಿ ಹೊಡೆದು ಒಣಗಿಸಿದರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತೆಗೆದು, ಹಳೇ ಪೇಂಟ್ ಬ್ರಷ್‌ನಲ್ಲಿ ಹೋಸ್ ಕ್ಲಿಪ್‌ಗಳು, ಪಂಪ್ ಕವರ್, ಡ್ರೈನ್ ಬೋಲ್ಟ್ ಸುತ್ತ ಬಿಳಿಯಾಗಿ ಉದುರಿಸಿದರು. ಬೈಕ್ ಸ್ಟಾರ್ಟ್ ಮಾಡಿ ಫ್ಯಾನ್ ತಿರುಗುವವರೆಗೆ ಬಿಟ್ಟರು. ಕ್ಲಿಪ್‌ಗಳ ಹತ್ತಿರ ಪೌಡರ್ ಹಾಗೇ ಇತ್ತು. ಪಂಪಿನ ಅಡಿಯಲ್ಲಿ ಮಾತ್ರ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು. ಟಾರ್ಚ್ ಹಿಡಿದು ನೋಡಿದರೆ ಗೆರೆಯ ತುದಿಯಲ್ಲಿ ಒಂದು ಸಣ್ಣ ತೂತು, ಅದರ ಬಾಯಲ್ಲಿ ಒಣಗಿದ ಹಸಿರು ಹಿಟ್ಟು.

'ಇದು ಒಡೆದ ತೂತಲ್ಲ, ಕಂಪನಿಯವರೇ ಕೊಟ್ಟಿರೋ ತೂತು' ಅಂದರು ಮೇಸ್ತ್ರಿ. ಇದನ್ನು ವೀಪ್ ಹೋಲ್ ಅನ್ನುತ್ತಾರೆ. ಪಂಪಿನ ಶಾಫ್ಟ್ ಮೇಲೆ ಎರಡು ಸೀಲ್ ಇರುತ್ತವೆ. ಕೂಲೆಂಟ್ ಕಡೆಗೆ ಮೆಕ್ಯಾನಿಕಲ್ ಸೀಲ್, ಇಂಜಿನ್ ಕಡೆಗೆ ಆಯಿಲ್ ಸೀಲ್. ನಡುವೆ ಈ ತೂತು. ಯಾವ ಸೀಲ್ ಹೋದರೂ ಸೋರಿದ್ದು ಇನ್ನೊಂದು ಕಡೆ ಸೇರದೆ ಹೊರಗೆ ಬೀಳಲಿ ಅಂತ. ಕೂಲೆಂಟ್ ಬಂದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ, ಆಯಿಲ್ ಬಂದರೆ ಆಯಿಲ್ ಸೀಲ್. ಸೋರಿಕೆ ನಿಲ್ಲಲಿ ಅಂತ ಕೆಲವರು ಈ ತೂತಿಗೇ ಎಂ-ಸೀಲ್ ಮೆತ್ತುತ್ತಾರಂತೆ! ಹಾಗೆ ಮಾಡಿದರೆ ಆಚೆ ಬೀಳುವ ಕೂಲೆಂಟ್ ಒಂದಲ್ಲ ಒಂದು ದಿನ ಆಯಿಲ್‌ಗೇ ಇಳಿಯುತ್ತದೆ.

ನನ್ನ ಮುಖ ನೋಡಿ ರೇಡಿಯೇಟರ್‌ನ ಅನುಮಾನವನ್ನೂ ಅವರೇ ತೀರಿಸಿದರು. ಬಿಚ್ಚಿ, ಹೋಸ್ ಬಾಯಿಗಳನ್ನು ಮುಚ್ಚಿ, ಸ್ವಲ್ಪವೇ ಗಾಳಿ ತುಂಬಿ ನೀರಿನ ಡ್ರಮ್ಮಿಗೆ ಮುಳುಗಿಸಿದರು, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಮುಳುಗಿಸುತ್ತಾರಲ್ಲ ಹಾಗೇ. ಒಂದು ಗುಳ್ಳೆ ಕೂಡ ಏಳಲಿಲ್ಲ. ಮುಚ್ಚಳದ ರಬ್ಬರ್ ಮತ್ತು ಸ್ಪ್ರಿಂಗ್ ನೋಡಿ ಇದೂ ಸರಿ ಇದೆ ಅಂದರು. ಪಂಪ್ ಕವರ್ ಬಿಚ್ಚಿದಾಗ ಇಂಪೆಲರ್ (ಕೂಲೆಂಟ್ ತಳ್ಳುವ ರೆಕ್ಕೆಚಕ್ರ) ಮೇಲೆ ಬಿಳಿ ಪದರ ಕಟ್ಟಿತ್ತು. ಬೋರ್ ನೀರಿನ ಸುಣ್ಣ. ನಾನು ಈ ಬೈಕ್ ಕೊಂಡದ್ದು ಸೆಕೆಂಡ್ ಹ್ಯಾಂಡ್, ಹಿಂದಿನವರು ಕೂಲೆಂಟ್ ಬದಲು ಮನೆ ನಲ್ಲಿಯ ನೀರು ತುಂಬಿಸಿದ್ದಿರಬೇಕು. ಮೆಕ್ಯಾನಿಕಲ್ ಸೀಲ್‌ನ ಎರಡು ಮುಖಗಳು ನುಣುಪಾಗಿ ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ನಡುವೆ ಇಂಥ ಗಟ್ಟಿ ಕಣ ಸಿಕ್ಕಿದರೆ ಗೀರು ಬಿದ್ದು ಸೋರಲು ಶುರು. ಮೇಸ್ತ್ರಿ ಶಾಫ್ಟ್ ಹಿಡಿದು ಅಲ್ಲಾಡಿಸಿಯೂ ನೋಡಿದರು. ಬೇರಿಂಗ್ ಸಡಿಲ ಇದ್ದರೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ. ಇದನ್ನು ನಿಮ್ಮ ಎದುರಿಗೇ ಮಾಡಿಸಿ.

ಸೀಲ್ ತರಲು ಹುಡುಗ ಹೋದ. 'ಊಟ ಮಾಡ್ಕೊಂಡು ಬನ್ನಿ' ಅಂದರು.

ಈ ಊಟದ ಬಗ್ಗೆ ಹೇಳಲೇಬೇಕು. ಅದೇ ಗಲ್ಲಿಯ ಕೊನೆಯಲ್ಲಿ ಒಂದು ಮಿಲಿಟರಿ ಹೋಟೆಲ್. ಬೋರ್ಡ್ ಹೊಗೆ ಹಿಡಿದು ಕಪ್ಪಾಗಿದೆ, ಹೆಸರು ಓದಲು ಆಗುವುದಿಲ್ಲ. ಐದಾರು ಟೇಬಲ್, ಅಷ್ಟೇ. ನಿಮ್ಮ ಎದುರಿಗೆ ಯಾರು ಬಂದು ಕೂರುತ್ತಾರೋ ಗೊತ್ತಿಲ್ಲ. ನನ್ನ ಎದುರಿಗೆ ಕೂತವರು ಮೊಣಕೈವರೆಗೆ ಗ್ರೀಸ್ ಇದ್ದ ಲಾರಿ ಮೆಕ್ಯಾನಿಕ್. ಹಾಸನದವರಿಗೆ ಮುದ್ದೆ ವಿಷಯದಲ್ಲಿ ಸ್ವಲ್ಪ ಜಂಬ ಇರುತ್ತದೆ, ಬೆಂಗಳೂರಿನಲ್ಲಿ ಮುದ್ದೆ ಅಂದರೆ ಗಂಟು ಗಂಟು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಇಲ್ಲಿ ಬಂದ ಮುದ್ದೆ ಬೆರಳಿಗೆ ಅಂಟಲಿಲ್ಲ, ಗಂಟಿಲ್ಲ, ಆವಿ ಹೋಗುತ್ತಾ ಇತ್ತು. ಜೊತೆಗೆ ಕಾಲು ಸೂಪ್, ಮೆಣಸು ಕುಟ್ಟಿ ಹಾಕಿದ್ದು, ಕುಡಿದರೆ ಗಂಟಲಲ್ಲಿ ಇಳಿಯುವುದು ಗೊತ್ತಾಗುತ್ತದೆ. ಬೋಟಿ ಗೊಜ್ಜು ಹಾಕಿಸಿಕೊಂಡೆ. ಎಲ್ಲಾ ಕಡೆ ಬೋಟಿ ರಬ್ಬರ್ ಆಗಿರುತ್ತದೆ, ಇಲ್ಲಿ ಬೆಂದಿತ್ತು, ತೊಳೆದಿದ್ದೂ ಚೆನ್ನಾಗಿ. ಸಾರು ಕೇಳುವ ಮುಂಚೆ ಇನ್ನೊಂದು ಸೌಟು ಬೀಳುತ್ತದೆ. ಎರಡನೇ ಮುದ್ದೆ ಬೇಡ ಅಂದರೆ ಬಡಿಸುವ ಅಜ್ಜ, 'ಯಾಕಪ್ಪಾ, ಊರಿಗೆ ಹೋಗಿ ಉಣ್ತೀಯಾ?' ಅಂತ ಗದರಿದರು. ಉಂಡೆ. ಒಟ್ಟು ಬಿಲ್ 190 ರೂಪಾಯಿ. ಲಾಡ್ಜಿನ ಪಾರ್ಕಿಂಗ್‌ಗೆ ಇನ್ನೊಂದು ನಲವತ್ತು ಸೇರಿಸಿದರೆ ಈ ಊಟ! ಒಂದು ಗಂಟೆಗೆ ಮುಂಚೆ ಹೋಗಿ. ಆಮೇಲೆ ಬೋಟಿ ಮುಗಿದಿರುತ್ತದೆ, ಮುಗಿದರೆ ಮುಗಿಯಿತು, ಮತ್ತೆ ಮಾಡುವುದಿಲ್ಲ. ಸಸ್ಯಾಹಾರಿಗಳಿಗೆ ಸುತ್ತಮುತ್ತ ದರ್ಶಿನಿಗಳಿವೆ, ನಾನು ಹೋಗಲಿಲ್ಲ.

ವಾಪಸ್ ಬರುವಷ್ಟರಲ್ಲಿ ಸೀಲ್, ಓ-ರಿಂಗ್ ಕೂತಿದ್ದವು. ಕೂಲೆಂಟ್ ತುಂಬಿಸುವಾಗ ಪಕ್ಕದಲ್ಲೇ ನಿಲ್ಲಿ. ಅವಸರ ಮಾಡಿದರೆ ಒಳಗೆ ಗಾಳಿ ಉಳಿಯುತ್ತದೆ, ಗಾಳಿ ಉಳಿದರೆ ಸೋರದಿದ್ದರೂ ಬೈಕ್ ಬಿಸಿಯಾಗುತ್ತದೆ. ಮೇಸ್ತ್ರಿ ನಿಧಾನವಾಗಿ ಸುರಿದು, ಹೋಸ್‌ಗಳನ್ನು ಕೈಯಲ್ಲಿ ಹಿಚುಕಿ, ಬೈಕನ್ನು ಎಡಕ್ಕೆ ಬಲಕ್ಕೆ ವಾಲಿಸಿ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಮುಚ್ಚಳ ತೆರೆದೇ ಗುಳ್ಳೆ ನಿಲ್ಲುವವರೆಗೆ ಕಾದರು. ಆಮೇಲೆ ಮುಚ್ಚಳ ಹಾಕಿ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಓಡಿಸಿದರು. ಪೌಡರ್ ಮತ್ತೆ ಉದುರಿಸಿದ್ದರು, ಒಣಗಿಯೇ ಇತ್ತು. ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು ಎಲ್ಲಾ ಒಂದೇ ಅಲ್ಲ. ನಿಮ್ಮ ಬೈಕಿನ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ಕೇಳಿ. ಕಾನ್ಸಂಟ್ರೇಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ, ಆಸಿಡ್ ಕ್ಯಾನ್ ಅಲ್ಲ, ನೀರಿನ ಕ್ಯಾನ್.

ಸೀಲ್, ಓ-ರಿಂಗ್, ಕೂಲೆಂಟ್, ಕೂಲಿ ಎಲ್ಲಾ ಸೇರಿ 2,400 ರೂಪಾಯಿ ಆಯಿತು. ಬಿಲ್ ಇಲ್ಲ, ಗ್ಯಾರಂಟಿ ಕಾರ್ಡ್ ಇಲ್ಲ. ಅದು ಬೇಕು ಅನ್ನುವವರಿಗೆ, ಇನ್ನೂ ವಾರಂಟಿ ಇರುವ ಬೈಕಿನವರಿಗೆ ಈ ಗಲ್ಲಿ ಬೇಡ. ಹೊರಗೆ ಬಿಚ್ಚಿಸಿದ್ದಾರೆ ಅಂತ ಕಂಪನಿಯವರು ತಕರಾರು ತೆಗೆಯಬಹುದು. ಮಿಕ್ಕವರು, ನಿಮ್ಮೂರಿನ ನಂಬಿಕಸ್ಥ ಮೆಕ್ಯಾನಿಕ್ ಸೋರುವ ಜಾಗ ತೋರಿಸಿಕೊಟ್ಟರೆ ಬೈಕ್ ತರುವ ಕಷ್ಟವೇ ಬೇಡ. ಪಂಪಿನ ಪಾರ್ಟ್ ನಂಬರ್ ಬರೆದುಕೊಂಡು ಬೆಳಗಿನ ಬಸ್ಸಿಗೆ ಬಂದು, ಸೀಲ್ ತಗೊಂಡು, ಊಟ ಮಾಡಿ ಸಂಜೆ ಬಸ್ಸಿಗೆ ಹೋಗಬಹುದು.

ಬೈಕಿನಲ್ಲೇ ವಾಪಸ್ ಹೋಗುವವರು ಬೆಳಿಗ್ಗೆ ಆರರೊಳಗೆ ಗೊರಗುಂಟೆಪಾಳ್ಯ ದಾಟಿಬಿಡಿ. ಮನೆ ಮುಟ್ಟಿದ ಮಾರನೆಯ ದಿನ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಓವರ್‌ಫ್ಲೋ ಡಬ್ಬಿಯ ಗೆರೆ ನೋಡಿ. ಒಳಗೆ ಉಳಿದ ಗಾಳಿ ಹೊರಬಿದ್ದು ಸ್ವಲ್ಪ ಇಳಿದಿರುತ್ತದೆ, ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಮಧ್ಯಕ್ಕೆ ತುಂಬಿಸಿ. ವಾರ ಕಳೆದ ಮೇಲೂ ಇಳಿಯುತ್ತಲೇ ಇದ್ದರೆ ಮತ್ತೆ ಪೇಪರ್ ಹಾಸಿ.