ನನ್ನ ಒಳ್ಳೆಯ ಫೋಟೋಗಳು ಯಾರಿಗೂ ಕಾಣುವುದಿಲ್ಲ

ಮೊನ್ನೆ ಮಂಗಳೂರಿನ ಗೆಳತಿಯೊಬ್ಬಳು ನನ್ನ ಇನ್‌ಸ್ಟಾಗ್ರಾಮ್ ನೋಡಿ ಫೋನ್ ಮಾಡಿದಳು. "ನೀನು ಮದುವೆ ಫೋಟೋ ತೆಗೆಯುವವಳಾ, ಚಪ್ಪಲಿ ಫೋಟೋ ತೆಗೆಯುವವಳಾ?" ಅಂತ ಕೇಳಿದಳು. ಅವಳ ತಪ್ಪೇನೂ ಇಲ್ಲ. ಅಲ್ಲಿರುವುದು ಹಾಲ್‌ನ ಮೆಟ್ಟಿಲ ಕೆಳಗೆ ರಾಶಿ ಬಿದ್ದ ಚಪ್ಪಲಿ, ಮದರಂಗಿ ಹಚ್ಚಿದ ಕೈ, ಖಾಲಿಯಾದ ಬಿರಿಯಾನಿ ಹಂಡೆ, ನಡುವೆ ನಮ್ಮ ಅಂಗಳದಲ್ಲಿ ಒಣಗುವ ಅಡಿಕೆ. ಮುಖ ಅಂತ ಒಂದೂ ಇಲ್ಲ. ಆದರೆ 4 ವರ್ಷದಿಂದ ನನ್ನ ಹೊಟ್ಟೆ ತುಂಬುತ್ತಿರುವುದು ಮುಖಗಳಿಂದಲೇ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆ ಪೆರ್ಲದ ಹತ್ತಿರ. ಕಾಸರಗೋಡು ಜಿಲ್ಲೆ, ಕೇರಳ. ಓದಿದ್ದು ಕನ್ನಡ ಮಾಧ್ಯಮ. ಡಿಗ್ರಿ ಮುಗಿಸಿ ಎರಡು ವರ್ಷ ಒಂದು ಸ್ಟುಡಿಯೋದಲ್ಲಿ ಆಲ್ಬಮ್ ಜೋಡಿಸುವ ಕೆಲಸ ಮಾಡಿದೆ. ಸಂಬಳ 7,000. ಕ್ಯಾಮೆರಾ ಮುಟ್ಟಲು ಬಿಡುತ್ತಿರಲಿಲ್ಲ. ಬೇರೆಯವರು ತೆಗೆದ ಮದುಮಕ್ಕಳ ಮೊಡವೆ ಅಳಿಸಿ ಅಳಿಸಿ ನನಗೆ ಬೆಳಕು ಅಂದರೆ ಏನು ಅಂತ ಅಷ್ಟಿಷ್ಟು ಗೊತ್ತಾಯಿತು. ಕೊರೋನಾ ಬಂದಾಗ ಆ ಕೆಲಸವೂ ಹೋಯಿತು.

2021ರಲ್ಲಿ ಅಮ್ಮನಿಗೆ ಕುರಿ ಬಿತ್ತು. ಘಟ್ಟದ ಮೇಲಿನವರು ಗಾಬರಿ ಬೀಳಬೇಡಿ. ಕುರಿ ಅಂದರೆ ನಮ್ಮಲ್ಲಿ ಚೀಟಿ, ಮಲಯಾಳದಿಂದ ಬಂದ ಮಾತು. ಬಂದದ್ದು 30,000. ಅದರಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕಿಸಬೇಕೆಂದು ಅಮ್ಮನಿಗಿತ್ತು. ಹಾಕಿಸಿದ್ದು ಕಳೆದ ವರ್ಷ, ನನ್ನ ದುಡ್ಡಲ್ಲಿ. ಇದನ್ನು ಇಲ್ಲಿ ಬರೆಯಲೇಬೇಕು ಅಂತ ಅವರೇ ಹೇಳಿದ್ದಾರೆ.

ಖರ್ಚಾದದ್ದು ಹೀಗೆ. ಸೆಕೆಂಡ್ ಹ್ಯಾಂಡ್ ಕ್ಯಾನನ್ 700ಡಿ ಕ್ಯಾಮೆರಾ, ಜೊತೆಗೇ ಬರುವ ಕಿಟ್ ಲೆನ್ಸ್ ಸೇರಿ 17,500. ಅದು 2013ರ ಮಾಡೆಲ್, ಆಗಲೇ ಹಳತು. 50 ಎಂಎಂ, ಎಫ್ 1.8 ಲೆನ್ಸ್, ಅದೂ ಬೇರೆಯವರು ಬಳಸಿದ್ದು, 5,500. ಮ್ಯಾನುವಲ್ ಫ್ಲಾಶ್ ಒಂದು 2,300. ಎರಡು ಮೆಮೊರಿ ಕಾರ್ಡ್, ಒಂದು ಹಾರ್ಡ್ ಡಿಸ್ಕ್. ಅಲ್ಲಿಗೆ ಮುಗಿಯಿತು. ಲ್ಯಾಪ್‌ಟಾಪ್ ಅಣ್ಣನದು, ಅವನು ಬಿಸಾಡಬೇಕೆಂದಿದ್ದದ್ದು. ಎಡಿಟಿಂಗ್‌ಗೆ ಡಾರ್ಕ್‌ಟೇಬಲ್ ಮತ್ತು ಗಿಂಪ್, ಎರಡೂ ಪುಕ್ಕಟೆ. ಒಂದು ಫೋಟೋ ತೆರೆಯುವಷ್ಟರಲ್ಲಿ ಒಂದು ಚಾ ಕುಡಿದು ಬರಬಹುದಿತ್ತು.

ಲೆಕ್ಕಕ್ಕೆ ಸಿಗದ ಖರ್ಚು ಮಳೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಜೂನ್‌ನಲ್ಲಿ ಕಪಾಟಿನೊಳಗಿನ ಬೆಲ್ಟಿಗೆ ಬೂಸ್ಟು ಬರುವ ಊರಿನಲ್ಲಿ ಲೆನ್ಸಿಗೆ ಬರದೆ ಇರುತ್ತದಾ? ನಾನು ಕಿಟ್ ಲೆನ್ಸನ್ನು ಜೋಪಾನವಾಗಿ ಚರ್ಮದ ಚೀಲದಲ್ಲಿ ಇಟ್ಟಿದ್ದೆ. ಅದಕ್ಕಿಂತ ಕೆಟ್ಟ ಜಾಗ ಇಲ್ಲ, ಚರ್ಮ ತೇವ ಹಿಡಿದಿಡುತ್ತದೆ. ಆಗಸ್ಟ್‌ನಲ್ಲಿ ತೆಗೆದು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಶಿಲೀಂಧ್ರ. ಆಮೇಲೆ ಬಿಗಿ ಮುಚ್ಚಳದ ಅಕ್ಕಿ ಡಬ್ಬ ತಂದೆ. ಅದರೊಳಗೆ ನೀಲಿ ಸಿಲಿಕಾ ಜೆಲ್. ತೇವ ಹೀರಿ ಗುಲಾಬಿ ಆದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಅದಕ್ಕೆ ಅಡುಗೆಯದ್ದಲ್ಲದ, ಬೇರೆಯೇ ಬಾಣಲೆ. ನೂರು ಇನ್ನೂರು ರೂಪಾಯಿಯ ಈ ವ್ಯವಸ್ಥೆ ಮೊದಲೇ ಮಾಡಿದ್ದರೆ ಆ ಲೆನ್ಸ್ ಉಳಿಯುತ್ತಿತ್ತು.

ಮೊದಲ ಸಂಪಾದನೆ ಪಾಸ್‌ಪೋರ್ಟ್ ಸೈಜ್ ಫೋಟೋದಿಂದ. ಪೇಟೆಗೆ ಹೋಗಲಾಗದ ಅಜ್ಜ ಅಜ್ಜಿಯರ ಮನೆಗೇ ಹೋಗಿ ತೆಗೆಯುತ್ತಿದ್ದೆ, ಪೆನ್ಶನ್‌ಗೆ, ಬ್ಯಾಂಕಿಗೆ ಅಂತ. ಅಪ್ಪನ ಬಿಳಿ ಪಂಚೆಯೇ ಹಿಂದಿನ ಪರದೆ. 35 ಎಂಎಂ ಅಗಲ, 45 ಎಂಎಂ ಎತ್ತರದ್ದನ್ನು 4 ಇಂಚು ಅಗಲ, 6 ಇಂಚು ಉದ್ದದ ಹಾಳೆಯಲ್ಲಿ 8 ಕೂರಿಸಬಹುದು. ಪ್ರಿಂಟ್ ಬದಿಯಡ್ಕ ಪೇಟೆಯಿಂದ. ದೊಡ್ಡ ಲಾಭವಿಲ್ಲ, ಪೆಟ್ರೋಲ್ ಹೋಗಿ ಸ್ವಲ್ಪ ಉಳಿಯುತ್ತಿತ್ತು. ಆದರೆ ಒಂದು ಮಾತು ನೆನಪಿದೆ. "ಸತ್ತ ಮೇಲೆ ಗೋಡೆಗೆ ಹಾಕಲಿಕ್ಕೆ ಒಂದು ದೊಡ್ಡದೂ ಇರಲಿ ಮಗಾ, ಹೇಗೂ ಬಂದಿದ್ದೀಯಲ್ಲ" ಅಂದರು ಒಬ್ಬರು ಅಜ್ಜಿ. ಒಳ್ಳೆಯ ಸೀರೆ ಉಟ್ಟು ಬಂದು ಕೂತರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಂತರ ನೆಂಟರ ಉಪನಯನ ಒಂದು ಸಿಕ್ಕಿತು. ಅಲ್ಲೇ ನನ್ನ ಜೀವ ಹೋಗಿ ಬಂದದ್ದು. 700ಡಿಯಲ್ಲಿ ಕಾರ್ಡಿಗೆ ಇರುವುದು ಒಂದೇ ಜಾಗ, ಇನ್ನೊಂದು ಪ್ರತಿ ತಾನಾಗಿ ಉಳಿಯುವುದಿಲ್ಲ. ಮನೆಗೆ ಬಂದು ಕಾರ್ಡ್ ಹಾಕಿದರೆ ಖಾಲಿ ತೋರಿಸಿತು. ಭಿಕ್ಷೆ, ಬ್ರಹ್ಮೋಪದೇಶ, ಎಲ್ಲ ಮಾಯ. ವಟುವನ್ನು ಇನ್ನೊಮ್ಮೆ ಮಂಟಪಕ್ಕೆ ಕೂರಿಸಲಾಗುತ್ತದಾ! ರಾತ್ರಿ ಎರಡು ಗಂಟೆಗೆ ಫೋಟೊರೆಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ಕಪ್ಪು ಪರದೆ, ಬಿಳಿ ಅಕ್ಷರ, ನೋಡಿದರೆ ಹೆದರಿಕೆ ಬರುತ್ತದೆ. ಬೆಳಗ್ಗೆ ಹೊತ್ತಿಗೆ ಫೋಟೋಗಳು ಒಂದೊಂದಾಗಿ ಎದ್ದು ಬಂದವು. ಅವುಗಳ ಜೊತೆಗೆ ಇನ್ನೂ ಕೆಲವು ಬಂದವು. ಎರಡು ತಿಂಗಳ ಹಿಂದೆ ನಾನು ಡಿಲೀಟ್ ಮಾಡಿದ್ದ ನಮ್ಮ ಬೆಕ್ಕಿನ ಫೋಟೋಗಳು! ಆಗ ನಕ್ಕು ಸುಮ್ಮನಾದೆ.

ಉಪ್ಪಳದ ಮದುವೆ ಬಂದದ್ದು ಮುಂದಿನ ವರ್ಷ. ಕಾಲೇಜಿನ ಮುಸ್ಲಿಂ ಗೆಳತಿ, ಅವಳ ತಂಗಿಯ ಮದುವೆ. ಹೆಂಗಸರ ಕಡೆಯ ಫೋಟೋಕ್ಕೆ ಹೆಂಗಸೇ ಬೇಕು, ಮಂಗಳೂರಿನಿಂದ ಕರೆಸಿದರೆ ರೇಟು ಜಾಸ್ತಿ, ನೀನು ಬರ್ತೀಯಾ ಅಂದಳು. 3,500ಕ್ಕೆ ಹೋದೆ. ನನಗೆ ಅಲ್ಲಿಯತನಕ ಈ ಕೆಲಸ ಇದೆ ಅಂತಲೇ ಹೊಳೆದಿರಲಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದ ಉದ್ದಕ್ಕೂ ಎಷ್ಟೊಂದು ಮದುವೆ, ಎಷ್ಟೊಂದು ಮದರಂಗಿ ರಾತ್ರಿ. ಒಳಗೆ ಗಂಡಸರಿಗೆ ಪ್ರವೇಶವಿಲ್ಲದ ಕಡೆ ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳು ಬೆರಳೆಣಿಕೆ. ನನ್ನ ಹಳೆಯ ಕ್ಯಾಮೆರಾ ನೋಡಿ ಇವತ್ತಿನವರೆಗೆ ಅಲ್ಲಿ ಯಾರೂ ಮೂಗು ಮುರಿದಿಲ್ಲ.

ಆ ಕೋಣೆಯೊಳಗೆ ಬಂದರೆ ಹೆಂಗಸರು ಬೇರೆಯೇ. ಬುರ್ಖಾ ಕೊಕ್ಕೆಗೆ ಸಿಕ್ಕಿಸಿ, ಝರಿ, ಬಂಗಾರ, ನಗು, ಜಗಳ. ಯಾರೂ ಫೋಟೋಕ್ಕೆ ಅಂತ ಬಿಗಿದು ನಿಲ್ಲುವುದಿಲ್ಲ. ತೊಂದರೆ ಇದ್ದದ್ದು ನನ್ನ ಲೆನ್ಸಿಗೆ. 700ಡಿಯ ಸೆನ್ಸರ್ ಚಿಕ್ಕದು, ಅದರಲ್ಲಿ 50 ಎಂಎಂ ಅಂದರೆ 80 ಎಂಎಂ ಹಾಕಿ ನೋಡಿದ ಹಾಗೆ, ಎಲ್ಲ ತೀರಾ ಹತ್ತಿರ ಕಾಣುತ್ತದೆ. ಹಿಂದೆ ಸರಿಯಲು ಜಾಗವಿಲ್ಲ. ಮಂಚದ ಮೇಲೆ ಹತ್ತಿ, ಕಪಾಟಿಗೆ ಬೆನ್ನು ಒತ್ತಿ ತೆಗೆದೆ. ಫ್ಲಾಶನ್ನು ಸೀಲಿಂಗಿಗೆ ತಿರುಗಿಸಿ ಹೊಡೆದರೆ ಬೆಳಕು ಮೆತ್ತಗೆ ಬೀಳುತ್ತದೆ ಅಂತ ಕಲಿತಿದ್ದೆ. ಸರಿಯೇ. ಆದರೆ ಮದರಂಗಿ ರಾತ್ರಿಯ ಚಪ್ಪರಕ್ಕೆ ಗುಲಾಬಿ ಬಟ್ಟೆ ಕಟ್ಟಿದ್ದರು. ನೂರು ಜನರ ಮುಖವೂ ಗುಲಾಬಿ! ಈಗ ಚಪ್ಪರ ಯಾವ ಬಣ್ಣ ಅಂತ ಮೊದಲೇ ಫೋನಿನಲ್ಲಿ ಕೇಳುತ್ತೇನೆ. ನಗುತ್ತಾರೆ, ನಗಲಿ.

ಮದುವೆ ಮುಗಿದ ಮೇಲೆ ಗೆಳತಿಯ ಉಮ್ಮ, ಅಂದರೆ ತಾಯಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಇದು ಎಲ್ಲಿಯೂ ಹೋಗಬಾರದು ಮೋಳೆ (ಮಗಳೇ). ನಮಗೆ ಕೊಟ್ಟು ಎಲ್ಲ ಡಿಲೀಟ್ ಮಾಡಬೇಕು." ಮಾಡುತ್ತೇನೆ ಅಂದೆ. ಮನೆಗೆ ಹೋಗಿ ಎಲ್ಲ ಅವರ ಪೆನ್‌ಡ್ರೈವ್‌ಗೆ ಹಾಕಿ, ಕಾರ್ಡಿನಿಂದ ಡಿಲೀಟ್ ಒತ್ತಿದೆ. ಒತ್ತಿದ ಕೂಡಲೇ ನಮ್ಮ ಬೆಕ್ಕು ನೆನಪಾಯಿತು.

ಡಿಲೀಟ್ ಅಂದರೆ ನಿಜವಾಗಿ ಅಳಿಸುವುದಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದು ಹಾಕಿದ ಹಾಗೆ ಅಷ್ಟೇ, ಪುಟ ಅಲ್ಲೇ ಇರುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆಯುವ ತನಕ ಯಾರು ಬೇಕಾದರೂ ಎತ್ತಬಹುದು. ನಾಳೆ ಆ ಕಾರ್ಡ್ ಎಲ್ಲಾದರೂ ಬಿದ್ದು ಹೋದರೆ? ಯಾರಾದರೂ ಎರವಲು ಕೇಳಿದರೆ? ಆ ಕೋಣೆಯಲ್ಲಿ ತಲೆ ಮೇಲೆ ಬಟ್ಟೆ ಇಲ್ಲದೆ ನನ್ನ ಎದುರು ಕುಣಿದವರು ನನ್ನನ್ನು ನಂಬಿದ್ದು, ನನ್ನ ಕಾರ್ಡನ್ನಲ್ಲ.

ಮಾರನೇ ದಿನ ಸ್ಕೂಟಿ ತೆಗೆದುಕೊಂಡು ಉಪ್ಪಳಕ್ಕೆ ಹೋಗಿ ಆ ಕಾರ್ಡನ್ನೇ ಕೊಟ್ಟುಬಂದೆ. ಉಮ್ಮನಿಗೆ ಬೆಕ್ಕಿನ ಕಥೆ ಹೇಳಿದೆ. ತುಂಬಾ ಹೊತ್ತು ನಕ್ಕರು. ಆಮೇಲೆ ಕಾರ್ಡನ್ನು ಬಂಗಾರದ ಡಬ್ಬಿಯೊಳಗೆ ಇಟ್ಟರು.

ಅಲ್ಲಿಂದ ಇದೇ ನನ್ನ ಪದ್ಧತಿ. ಪ್ರತಿ ಮದುವೆಗೆ ಹೊಸ 32 ಜಿಬಿ ಕಾರ್ಡ್. ರಾ ಫೈಲ್, ಅಂದರೆ ಕ್ಯಾಮೆರಾ ಕೊಡುವ ಮೂಲ ಫೈಲ್, ಒಂದು 23-24 ಎಂಬಿ, ಹಾಗಾಗಿ ಸಾವಿರದ ಮೇಲೆ ಹಿಡಿಯುತ್ತದೆ, ಸಾಕು. ಕಾರ್ಡಿನ ದುಡ್ಡು ಬಿಲ್ಲಿನಲ್ಲೇ. ಎಡಿಟಿಂಗ್ ಅವರ ಮನೆಯಲ್ಲಿ, ಅವರ ಡ್ರೈವ್‌ನಲ್ಲಿ, ಎರಡು ಮಧ್ಯಾಹ್ನ ಕೂತು. ಡಾರ್ಕ್‌ಟೇಬಲ್ ಸಣ್ಣ ಸಣ್ಣ ಚಿತ್ರಗಳನ್ನು ತನ್ನ ಮೂಲೆಯಲ್ಲಿ ಉಳಿಸಿಕೊಳ್ಳುತ್ತದೆ, ಹೊರಡುವ ಮೊದಲು ಅದನ್ನೂ ಅವರ ಎದುರೇ ಖಾಲಿ ಮಾಡುತ್ತೇನೆ. ಕೂತಲ್ಲಿಗೆ ಪತ್ತಿರಿ, ಅಂದರೆ ಅಕ್ಕಿ ರೊಟ್ಟಿ, ಬರುತ್ತದೆ. ನಾನು ಮೀನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಜೊತೆಗೆ ತೆಂಗಿನ ಹಾಲು, ಬಾಳೆಹಣ್ಣು. ಎರಡು ಮಧ್ಯಾಹ್ನ ಹೋಗುತ್ತದೆ ನಿಜ. ಬದಲಿಗೆ ಹಾರ್ಡ್ ಡಿಸ್ಕ್ ಮೇಲೆ ಹಾರ್ಡ್ ಡಿಸ್ಕ್ ಕೊಳ್ಳುವ ಖರ್ಚು ಉಳಿಯಿತು.

ಯೂಟ್ಯೂಬಿನಲ್ಲಿ ಎಲ್ಲರೂ ಹೇಳುವುದು ಒಂದೇ, ಪೋರ್ಟ್‌ಫೋಲಿಯೋ ಮಾಡಿ, ದಿನಾ ರೀಲ್ಸ್ ಹಾಕಿ ಅಂತ. ನನಗೆ ಅದು ಆಗುವ ಮಾತಲ್ಲ. ಎಲ್ಲರೂ ಬೇಡ ಅನ್ನುವುದಿಲ್ಲ, ಹಾಕಿ ಅನ್ನುವ ಮನೆಯವರೂ ಇದ್ದಾರೆ. ಅದು ಅವರೇ ಹೇಳಬೇಕಾದ ಮಾತು. ಕಾನೂನೂ ಹಾಗೇ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ. ಇದು ತುಂಬಾ ಫೋಟೋಗ್ರಾಫರುಗಳಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲ.

ಕೆಲಸದ ತಿಂಗಳುಗಳ ಬಗ್ಗೆಯೂ ಹೇಳಬೇಕು. ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ನಮ್ಮವರ ಮದುವೆ ಇಲ್ಲ. ರಂಜಾನ್ ಉಪವಾಸದ ತಿಂಗಳಲ್ಲಿ ಅವರ ಕಡೆ ಇಲ್ಲ. ಆಟಿ ಜಾಗ ಬಿಟ್ಟು ಕದಲುವುದಿಲ್ಲ, ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2022ರಲ್ಲಿ ಏಪ್ರಿಲ್ ತುಂಬಾ ಉಪವಾಸ, 2025ರಲ್ಲಿ ಅದು ಮಾರ್ಚ್‌ಗೆ ಬಂತು. ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ತೂಗಿಸಿದ್ದೇನೆ. ಒಂದು ಕಡೆ ಖಾಲಿ ಇರುವಾಗ ಇನ್ನೊಂದು ಕಡೆ ಬುಕ್ಕಿಂಗ್ ಇರುತ್ತದೆ. ನಗಿಸುವ ಮಾತೂ ಬದಲಾಗುತ್ತದೆ. ನಮ್ಮ ಮನೆಮಾತಿನಲ್ಲಿ "ರಜ ನೆಗೆ ಮಾಡಿ", ತುಳುವಿನಲ್ಲಿ "ಒಂತೆ ತೆಲಿಪುಲೆ", ಮಲಯಾಳದಲ್ಲಿ "ಒನ್ನ್ ಚಿರಿಚ್ಚೇ". ಉಪ್ಪಳದಲ್ಲಿ ಮನೆಯೊಳಗೆ ಉರ್ದು ಆಡುವವರೂ ಇದ್ದಾರೆ, ಅಲ್ಲಿ ನನ್ನ ಉರ್ದು ಕೇಳಿಯೇ ನಗು ಬರುತ್ತದೆ.

ಈಗ ದಿನಕ್ಕೆ 12,000 ಹೇಳುತ್ತೇನೆ. ಕ್ಯಾಮೆರಾ ಬಾಡಿ ಬದಲಾಯಿಸಬೇಕು, ಎರಡು ಕಾರ್ಡ್ ಹಿಡಿಯುವುದು ಬೇಕು. ಇನ್ನೂ ಆಗಿಲ್ಲ.

ಹೋದ ವಾರ ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂತು. ಕುಂಬಳೆಯಿಂದ. ಹೆಸರು ಕೇಳಲಿಲ್ಲ, ಯಾವ ಕ್ಯಾಮೆರಾ ಅಂತ ಕೇಳಲಿಲ್ಲ. "ಕಾರ್ಡ್ ಕೊಟ್ಟು ಹೋಗುವವರು ನೀವೇ ಅಲ್ವಾ?" ಅಂದರು. ಹೌದು ಅಂದೆ. ಡಿಸೆಂಬರ್‌ನಲ್ಲಿ ಎರಡು ದಿನ, ಚಪ್ಪರದ ಬಟ್ಟೆ ಬಿಳಿ.

ಬದಿಯಡ್ಕಕ್ಕೆ ಹೋಗಿ ಕಾರ್ಡ್ ತರಬೇಕು. ಮಳೆ ಸ್ವಲ್ಪ ಬಿಡಲಿ ಅಂತ ಕೂತಿದ್ದೇನೆ. ಬಾಣಲೆಯಲ್ಲಿ ಸಿಲಿಕಾ ಜೆಲ್ ಇನ್ನೂ ಗುಲಾಬಿಯಾಗಿಯೇ ಇದೆ.