ಮೂರು ಮೇಣದಬತ್ತಿ

ನಮ್ಮ ವಿಜ್ಞಾನದ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ಆರಿದ ಮೇಣದಬತ್ತಿಯ ವಾಸನೆ ಮೂಗಿಗೆ ಬಂದ ಹಾಗಾಯಿತು.

ಎಂಟನೇ ಕ್ಲಾಸು. ನೀರಿನ ತಟ್ಟೆಯಲ್ಲಿ ಬತ್ತಿ ಹಚ್ಚಿ ಗಾಜಿನ ಲೋಟ ಕವುಚುವ ಪ್ರಯೋಗ. ಆಮ್ಲಜನಕ ಪೂರ್ತಿ ಉರಿದುಹೋಗಿ ಆ ಜಾಗಕ್ಕೆ ನೀರು ಏರುತ್ತದೆ, ಅದಕ್ಕೇ ಗಾಳಿಯಲ್ಲಿ ಆಮ್ಲಜನಕ ಐದರಲ್ಲಿ ಒಂದು ಪಾಲು ಅಂತ ನಾವು ಓದುತ್ತಿದ್ದ ಪುಸ್ತಕದಲ್ಲಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ಬತ್ತಿ ಉರಿಯುವಾಗ ನೀರು ಹೆಚ್ಚುಕಡಿಮೆ ಸುಮ್ನೆ ಇತ್ತು. ಆರಿದ ಮೇಲೆ ಸರ್ರನೆ ಏರಿತು. ಆಮ್ಲಜನಕ ಖರ್ಚಾಗುವುದು ಉರಿಯುವಾಗ ಅಲ್ವಾ?

ಊಟದ ಬಿಡುವಿನಲ್ಲಿ ನಾವು ಮೂವರು ಸ್ಟಾಫ್ ರೂಮಿಗೆ ನುಗ್ಗಿದೆವು. ಕರೆಂಟ್ ಹೋದರೆ ಬೇಕು ಅಂತ ಇಟ್ಟಿದ್ದ ಮೇಣದಬತ್ತಿಗಳನ್ನು ಕದ್ದೆವು. ಲ್ಯಾಬಿನ ಮೂಲೆಯಲ್ಲಿ ಹಾರ್ಲಿಕ್ಸ್ ಬಾಟಲಿ ಕವುಚಿ ಮೊದಲು ಒಂದು ಬತ್ತಿ, ಆಮೇಲೆ ಮೂರು. ಮೂರು ಹಚ್ಚಿದಾಗ ನೀರು ಜಾಸ್ತಿ ಏರಿತು! ಬಾಟಲಿ ಅದೇ, ಗಾಳಿ ಅಷ್ಟೇ. ಹೆಚ್ಚಿನ ಆಮ್ಲಜನಕ ಎಲ್ಲಿಂದ ಬಂತು? ನಾನು ಖುಷಿಗೆ ಕೂಗಿಬಿಟ್ಟೆ. ಜವಾನರು ಬಂದು ಹಿಡಿದರು.

ಮೇಷ್ಟ್ರು ಬೆತ್ತ ತೆಗೆಯಲಿಲ್ಲ. "ಇನ್ನೊಂದ್ಸಲ ಮಾಡಪ್ಪ, ನೋಡೋಣ" ಅಂದರು. ನೋಡಿದರು. ಏನೂ ಹೇಳದೆ ಮನೆಗೆ ಹೋದರು.

ಮರುದಿನ ಇಡೀ ಕ್ಲಾಸಿನ ಮುಂದೆ ಬಾಟಲಿಯ ಅಂಚಿನಲ್ಲಿ ಏಳುವ ಗುಳ್ಳೆ ತೋರಿಸಿದರು. ಬಿಸಿಗೆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದದ್ದು ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಬತ್ತಿ ಆರಿದರೂ ಒಳಗೆ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. "ಇವನು ಕೇಳೋವರೆಗೂ ನಾನೂ ಸರಿಯಾಗಿ ನೋಡಿರಲಿಲ್ಲ" ಅಂದರು. ಆ ಮಾತು ಇವತ್ತಿಗೂ ನನ್ನ ದೊಡ್ಡ ಬಹುಮಾನ.

ಹಾಗಾದರೆ ಐದರಲ್ಲಿ ಒಂದು ಪಾಲು ಸುಳ್ಳಾ ಸಾರ್ ಅಂತ ಕೇಳಿದೆ. ಮೇಷ್ಟ್ರು ಒದ್ದೆ ಟೆಸ್ಟ್ ಟ್ಯೂಬಿನೊಳಗೆ ಕಬ್ಬಿಣದ ಪುಡಿ ಅಂಟಿಸಿ, ನೀರಿನ ತಟ್ಟೆಯಲ್ಲಿ ಕವುಚಿ ಕಿಟಕಿಯಲ್ಲಿಟ್ಟರು. ಐದು ಪಾಲಿಗೆ ಗೆರೆ ಎಳೆದರು. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಬಿಸಿಯ ಗೊಂದಲವಿಲ್ಲ. "ಗಾಳಿಯಲ್ಲಿ ಏನಿದೆ ಅಂತ ತಿಳಿಯೋಕೆ ಫ್ರಾನ್ಸಿನ ವಿಜ್ಞಾನಿ ಲವಾಸಿಯೇ ಪಾದರಸ ಕಾಯಿಸ್ತಾ 12 ದಿನ ಕಾದ. ನೀನು ಒಂದು ವಾರ ಕಾಯಿ."

ನೀರು ಮೊದಲ ಗೆರೆಗೆ ಬಂದು ನಿಂತಿತು.

ಈಗ ನನ್ನ ಮಗಳು ಇದೇ ಪ್ರಯೋಗವನ್ನು ಸ್ಮಾರ್ಟ್ ಬೋರ್ಡಿನಲ್ಲಿ ಒಂದೇ ನಿಮಿಷಕ್ಕೆ ನೋಡಿ ಮುಗಿಸುತ್ತಾಳೆ. ಅದರಲ್ಲಿ ಗುಳ್ಳೆ ಕಾಣುವುದಿಲ್ಲ. ಕೇಳುವುದಕ್ಕೆ ಅವಳ ಟೀಚರಿಗೂ ಪುರುಸೊತ್ತಿಲ್ಲ. ನನಗೆ ಬೇಸರವಾಗುತ್ತದೆ. ನಾನು ಇಂದು ನೀರು ಪರೀಕ್ಷಿಸುವ ಲ್ಯಾಬ್ ನಡೆಸುತ್ತೇನೆ. ಎರಡನೇ ಸಲ ಮಾಡಿ ನೋಡದೆ ಒಂದು ವರದಿಗೂ ಸಹಿ ಹಾಕಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

ಆ ಏಪ್ರಿಲ್ 10ಕ್ಕೆ ರಿಸಲ್ಟ್ ನೋಡಲು ಹೋದಾಗ ಟ್ಯೂಬು ಇನ್ನೂ ಕಿಟಕಿಯಲ್ಲೇ ಇತ್ತು. ಬೇಸಿಗೆಗೆ ತಟ್ಟೆ ಒಣಗಬಾರದು ಅಂತ ಮೇಷ್ಟ್ರೇ ದಿನಾ ಬಂದು ನೀರು ಹಾಕುತ್ತಿದ್ದರಂತೆ.